ಮಾರಿದ ರಜೆ

ಜೂನ್ ೯

ಪ್ರೀತಿಯ ತಮ್ಮನಿಗೆ,

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಬರೆದಿದ್ದೇನೆ ಅಂದುಕೋ.

ಚೂಟಿ ಹೊಸ ಸ್ಕೂಲಿಗೆ ಹೋಗುತ್ತಿದ್ದಾಳೆ. ಮೊದಲ ದಿನದ ಯೂನಿಫಾರ್ಮನ್ನು ನಾನೇ ಇಸ್ತ್ರಿ ಮಾಡಿದೆ. ಆ ಸ್ಕೂಲಿನ ಬಟ್ಟೆ ನನಗೆ ಹೊಸದೇನಲ್ಲ, ವಾರವಾರವೂ ಗಂಟುಗಟ್ಟಲೆ ಬರುತ್ತದೆ. ಯಾವ ಮಗು ತೋಳಿಗೆ ಮೂಗು ಒರೆಸುತ್ತದೆ, ಯಾವುದು ಪೆನ್ನನ್ನು ಜೇಬಿನಲ್ಲೇ ಮರೆಯುತ್ತದೆ ಎಂಬುದೆಲ್ಲ ಗೊತ್ತು, ಮುಖಗಳು ಮಾತ್ರ ಗೊತ್ತಿಲ್ಲ. ಈಗ ಅದೇ ನೀಲಿ ಸ್ಕರ್ಟು ನಮ್ಮ ಮನೆಯದು. ನೆರಿಗೆ ಸರಿ ಬಂತೋ ಇಲ್ಲವೋ ಅಂತ ಮೂರು ಸಲ ಬಿಡಿಸಿ ಕೂರಿಸಿದೆ. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ನಗು ಬರಬೇಕು.

ನಮ್ಮ ಬೀದಿಯವರು ಅದನ್ನು ಗಾಜಿನ ಸ್ಕೂಲು ಅನ್ನುತ್ತಾರೆ. ಒಳಗೆ, ನೀನು ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿದೆ. ಪ್ರಯೋಗಶಾಲೆಯಲ್ಲಿ ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಮೈಕ್ರೋಸ್ಕೋಪು ಇದೆಯಂತೆ. ಮನೆಗೆ ಬಂದವಳೇ, ಚೀಲ ಕೂಡ ಇಳಿಸದೆ, "ಅತ್ತೆ, ಈರುಳ್ಳಿ ಸಿಪ್ಪೆ ಒಳಗೆ ಸಾಲು ಸಾಲು ಮನೆ ಇವೆ ಗೊತ್ತಾ? ಒಂದೊಂದಕ್ಕೂ ಗೋಡೆ!" ಅಂದಳು. ಅವಳ ಅಮ್ಮ ಹೋದ ಮೇಲೆ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು.

ತಿಂಗಳಿಗೊಮ್ಮೆ ತಂದೆ ತಾಯಿ ಹೋಗಿ ಟೀಚರ್ ಎದುರು ಕೂರಬೇಕು. ಮೇಜಿನ ಮುಂದೆ ಎರಡು ಕುರ್ಚಿ ಹಾಕಿರುತ್ತಾರೆ. ನಾನು ಒಂದರಲ್ಲಿ ಕೂತು ಇನ್ನೊಂದರ ಮೇಲೆ ನನ್ನ ಕೈಚೀಲ ಇಟ್ಟೆ, ಖಾಲಿ ಕಾಣಬಾರದು ಅಂತ.

ಸೆಪ್ಟೆಂಬರಿಗೆ ನಿನ್ನ ಹೆಂಡತಿ ತೀರಿಕೊಂಡು ಒಂದು ವರ್ಷ. ನೀನು ಬರುತ್ತೀಯ ಎಂದು ಚೂಟಿಗೆ ಹೇಳಲೇ? ಅವಳಾಗಿ ಕೇಳುವುದಿಲ್ಲ. ಕ್ಯಾಲೆಂಡರಿನ ಹಾಳೆ ಎತ್ತಿ ಸೆಪ್ಟೆಂಬರ್ ನೋಡುತ್ತಾಳೆ, ಮತ್ತೆ ಬಿಡುತ್ತಾಳೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಹಿಡಿದರೆ ಅಪ್ಪ ಮಗಳು ಇಬ್ಬರೂ ಮಾತಾಡುವುದಿಲ್ಲ, ಬರೀ ಉಸಿರು ಕೇಳಿಸುತ್ತದೆ. ಅದಕ್ಕೇ ಕಾಗದ.

ನಿನ್ನ ಅಕ್ಕ

ಜೂನ್ ೩೦

ಅಕ್ಕನಿಗೆ ನಮಸ್ಕಾರ.

ಕಾಗದ ಬಂತು. ಈರುಳ್ಳಿಯ ವಿಷಯವನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನನ್ನ ಪಕ್ಕದ ಮಂಚದವನೊಬ್ಬ ಇದ್ದಾನೆ, ಅವನ ಕಾಲು ನೋಡಿ ಕೊಕ್ಕರೆ ಅಂತ ನಾನೇ ಹೆಸರಿಟ್ಟಿದ್ದೇನೆ. ಅವನು, "ನಿನ್ ಮಗಳು ಈರುಳ್ಳಿ ನೋಡೋದಕ್ಕೆ ನೀನಿಲ್ಲಿ ತುಕ್ಕು ಕೆರೀಬೇಕಾ? ನಮ್ಮನೆಗೆ ಕಳ್ಸು, ಪುಕ್ಕಟೆ ತೋರಿಸ್ತೀನಿ" ಅಂದ. ಎಲ್ಲರೂ ನಕ್ಕರು. ನಾನೂ.

ಈಗ ಕೆರೆಯುತ್ತಿರುವ ಹಡಗು ತುಂಬಾ ಹಳೆಯದು. ನೀರಿನಿಂದ ಮೇಲೆತ್ತಿ ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಅದರ ಹೊಟ್ಟೆಯ ಕೆಳಗೆ ನಿಂತು ಬೆಳಗಿನಿಂದ ಸಂಜೆಯವರೆಗೆ ತಲೆ ಮೇಲೆತ್ತಿ ಕೆರೆಯಬೇಕು. ಕತ್ತು ಹಿಡಿದುಕೊಳ್ಳುತ್ತದೆ. ಬೇರೆ ತೊಂದರೆ ಇಲ್ಲ.

ಸೆಪ್ಟೆಂಬರಿಗೆ ರಜೆ ಸಿಗುವುದಿಲ್ಲ ಅಕ್ಕ. ಮೇಸ್ತ್ರಿ ಕೊಡುವವನಲ್ಲ. ಕೇಳಿದ್ದಕ್ಕೇ ಮುಖ ಗಂಟು ಹಾಕಿದ. ನೀನು ಚೂಟಿಗೆ ಆಸೆ ಹುಟ್ಟಿಸಬೇಡ.

ಸ್ಕೂಲಿಗೆ ಏನು ಬೇಕಾದರೂ ಬರೆ. ಬೂಟು, ಪುಸ್ತಕ, ಪ್ರವಾಸ, ಯಾವುದಕ್ಕೂ ಇಲ್ಲ ಅನ್ನಬೇಡ. ಅವಳ ಅಮ್ಮನ ಆಸೆ ಅದೇ ಸ್ಕೂಲು. ಇನ್ನೊಂದು ಮಾತು, ಮನೆಯಲ್ಲಿ ಅಮ್ಮನ ವಿಷಯ ಎತ್ತಬೇಡ. ಓದುವ ಮಗುವಿನ ಮನಸ್ಸು ಕೆಡುತ್ತದೆ. ಗೋಡೆಯ ಮೇಲಿನ ಫೋಟೋ ಸ್ವಲ್ಪ ದಿನ ಒಳಗಿಡು.

ನಿನ್ನ ತಮ್ಮ

ಜುಲೈ ೨೬

ಪ್ರೀತಿಯ ತಮ್ಮನಿಗೆ,

ಮೊದಲು ಒಳ್ಳೆಯ ಸುದ್ದಿ. ಮೊದಲ ಪರೀಕ್ಷೆಯಲ್ಲಿ ಚೂಟಿ ತರಗತಿಗೇ ಎರಡನೆಯವಳು. ಮೇಡಂ ನನ್ನನ್ನು ಕೂರಿಸಿಕೊಂಡು, "ಮನೇಲಿ ಯಾರು ಪಾಠ ಹೇಳ್ಕೊಡ್ತಾರೆ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ನನ್ನ ಓದು ಎಷ್ಟು ಅಂತ ನಿನಗೆ ಗೊತ್ತಲ್ಲ. "ಯಾರೂ ಇಲ್ಲ ಮೇಡಂ, ಅವಳೇ ನನಗೆ ಹೇಳ್ಕೊಡ್ತಾಳೆ" ಅಂದೆ. ಅವರು ಅದನ್ನು ತಮಾಷೆ ಅಂದುಕೊಂಡರು.

ತಮಾಷೆಯಲ್ಲ. ನಿನ್ನ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಇಸ್ತ್ರಿ ಮೇಜು ಹಾಕಿದ್ದೇನಲ್ಲ, ಅದರ ಕೆಳಗೆ ಅವಳ ಜಾಗ. ಮೇಲೆ ನಾನು ಅಂಗಿಗಳ ಜೊತೆ, ಕೆಳಗೆ ಅವಳು ಪುಸ್ತಕದ ಜೊತೆ. ಓದಿದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾಳೆ. ಅರ್ಥವಾಗದಿದ್ದರೆ ನಾನು, "ಅದ್ಹೇಗೆ?" ಅನ್ನುತ್ತೇನೆ. "ಅಯ್ಯೋ ಅತ್ತೆ, ಇಷ್ಟು ದಡ್ಡಿ ಆದ್ರೆ ಹೇಗೆ ನೀನು!" ಎಂದು ಮತ್ತೆ ಮೊದಲಿನಿಂದ ಶುರು. ಬಟ್ಟೆ ಕೊಡಲು ಬಂದವರೂ ನಿಂತು ಕೇಳಿ ಹೋಗುತ್ತಾರೆ.

ಫೋಟೋ ಒಳಗಿಟ್ಟಿದ್ದೇನೆ. ಗೋಡೆಯಲ್ಲಿ ಅದರ ಜಾಗ ಬೆಳ್ಳಗೆ ಉಳಿದಿದೆ. ಕ್ಯಾಲೆಂಡರ್ ತಂದು ಅಲ್ಲಿ ನೇತುಹಾಕಿದೆ, ಪೂರ್ತಿ ಮುಚ್ಚಲಿಲ್ಲ. ಚೂಟಿ ಬಂದು ಅದನ್ನು ನೇರ ಮಾಡಿ ಹೋದಳು. ನಿನ್ನ ಹೆಂಡತಿಗೆ ಆ ಸ್ಕೂಲಿನ ಆಸೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಿನಗೆ ಹೇಳಿರಬಹುದು.

ನಿಮ್ಮ ಮೇಸ್ತ್ರಿಗೆ ಹೆಂಡತಿ ಮಕ್ಕಳಿಲ್ಲವೇ? ಅವನ ಅಂಗಿ ನನ್ನ ಕೈಗೆ ಸಿಕ್ಕಿದರೆ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತುಬಿಡುತ್ತಿದ್ದೆ.

ನಿನ್ನ ಅಕ್ಕ

ಆಗಸ್ಟ್ ೧೮

ಅಕ್ಕ,

ಎರಡನೆಯ ಸ್ಥಾನ! ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ನೋಡಿದೆಯಾ, ಒಳ್ಳೆಯ ಸ್ಕೂಲು ಅಂದರೆ ಅದು. ದುಡ್ಡು ಸುಮ್ಮನೆ ಹೋಗುವುದಿಲ್ಲ.

ಕೊಕ್ಕರೆ ರಜೆಯ ಮೇಲೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಚೂಟಿಗೆ ಒಂದು ಜಾಮಿಟ್ರಿ ಬಾಕ್ಸು, ನಿನಗೆ ಒಂದು ಸ್ವೆಟರು ಕಳಿಸುತ್ತಿದ್ದೇನೆ. ಟೀ ಕೊಟ್ಟು ಕಳಿಸು. ಹೆಚ್ಚು ಹೊತ್ತು ಕೂರಿಸಬೇಡ, ಅವನಿಗೆ ಬಾಯಿ ಜಾಸ್ತಿ.

ತಮ್ಮ

ಸೆಪ್ಟೆಂಬರ್ ೨೦

ತಮ್ಮಾ,

ಕೊಕ್ಕರೆಯವರು ಬಂದಿದ್ದರು. ಬೇರೆ ಹೆಸರು ನೀನು ಬರೆದೇ ಇರಲಿಲ್ಲ, ಎದುರಿಗೇ ಹಾಗೆ ಕರೆದುಬಿಟ್ಟೆ. "ನಿಮ್ ತಮ್ಮನ ಕೆಲಸ, ಇನ್ನೇನು" ಎಂದು ನಕ್ಕರು. ಒಳ್ಳೆಯ ಮನುಷ್ಯ. ಬಾಗಿಲಿಗೆ ತಲೆ ಹೊಡೆಸಿಕೊಂಡೇ ಒಳಗೆ ಬಂದರು.

ಟೀ ಕೊಟ್ಟೆ. ಮನಸ್ಸು ತಡೆಯದೆ ಕೇಳಿದೆ. "ನಿಮ್ಮ ಮೇಸ್ತ್ರಿ ಮನುಷ್ಯನಾ, ಕಲ್ಲಾ?"

"ಯಾಕಕ್ಕಾ? ಪಾಪ, ಒಳ್ಳೆಯವ್ನೇ."

"ಒಳ್ಳೆಯವ್ನಾಗಿದ್ರೆ ನಮ್ಮ ಹುಡುಗನಿಗ್ಯಾಕೆ ರಜ ಕೊಡ್ಲಿಲ್ಲ?"

ಲೋಟ ಕೆಳಗಿಟ್ಟರು. "ಕೊಟ್ಟಿದ್ರಲ್ಲ. ನಂಗೂ ಅವ್ನಿಗೂ ಒಟ್ಟಿಗೇ ಬಂದಿತ್ತು. ಅವ್ನು ಮಾರ್ಕೊಂಡ."

"ರಜ ಮಾರೋದಾ? ಅದೇನು ಕೋಳಿನಾ?"

"ಅಲ್ಲಿ ಹಾಗೇ ಅಕ್ಕಾ. ರಜ ಬೇಡ ಅಂತ ಸಹಿ ಹಾಕಿದ್ರೆ ಅಷ್ಟು ದಿನದ ಸಂಬಳ ಬೇರೆಯಾಗಿ ಕೊಡ್ತಾರೆ. ಹಿಂದಿನ ಸಲಾನೂ ಮಾರಿದ್ದ." ಅಷ್ಟು ಹೇಳಿ ನನ್ನ ಮುಖ ನೋಡಿದರು. "ನಿಮ್ಗೆ ಗೊತ್ತಿರ್ಲಿಲ್ವಾ?" ಆಮೇಲೆ ಟೀ ಮುಗಿಸಲೂ ಇಲ್ಲ.

ಚೂಟಿ ಮೇಜಿನ ಕೆಳಗೇ ಇದ್ದಳು. ಅವರು ಹೋದ ಮೇಲೆ ತಲೆ ಹೊರಗೆ ಹಾಕಿದಳು. "ಅತ್ತೆ, ಅಪ್ಪ ಇಲ್ಲಿಗೆ ಬರೋ ದಿನಗಳನ್ನ ಮಾರಿದ್ರಾ?"

ಏನು ಹೇಳಲಿ? "ನಿನ್ನ ಸ್ಕೂಲಿಗೋಸ್ಕರ ಕಣೇ. ಫೀಸು ಎಷ್ಟಾಗುತ್ತೆ ಅಂತ ಗೊತ್ತಾ ನಿಂಗೆ? ಎಲ್ಲಾ ನೀನು ಓದ್ಲಿ ಅಂತ" ಅಂದೆ. "ಸರಿ ಅತ್ತೆ" ಅಂದಳು. ನೀನು ಕಳಿಸಿದ ಬಾಕ್ಸಿನಲ್ಲಿದ್ದ ಕೈವಾರ ತೆಗೆದುಕೊಂಡು ಬಹಳ ಹೊತ್ತು ವೃತ್ತ ಎಳೆಯುತ್ತಾ ಕೂತಿದ್ದಳು. ಅರ್ಥ ಮಾಡಿಕೊಂಡಳು ಅನ್ನಿಸುತ್ತದೆ. ಜಾಣೆ ಮಗು.

ವರ್ಷ ತುಂಬಿದ ದಿನ ಇಸ್ತ್ರಿ ಕೆಲಸ ಇಟ್ಟುಕೊಳ್ಳಲಿಲ್ಲ. ನಾವಿಬ್ಬರೂ ಸುಮ್ಮನೆ ಮನೆಯಲ್ಲಿದ್ದೆವು. ನೀನು ಹೇಳಿದ ಹಾಗೆ ಅವಳ ಅಮ್ಮನ ಮಾತು ಎತ್ತಲಿಲ್ಲ. ಎತ್ತದೆ ಇರುವುದಕ್ಕೆ ಇಡೀ ದಿನ ಹಿಡಿಯಿತು.

ಸ್ವೆಟರು ಸರಿಯಾಗಿದೆ.

ಅಕ್ಕ

ಅಕ್ಟೋಬರ್ ೮

ಅಕ್ಕ,

ಹೌದು, ಮಾರಿದೆ. ಇಲ್ಲಿ ಅರ್ಧಕ್ಕರ್ಧ ಜನ ಮಾರುತ್ತಾರೆ. ಅದರಲ್ಲಿ ಕಳ್ಳತನವೇನಿದೆ? ನಿಮ್ಮ ಮನಸ್ಸಿಗೆ ಬೇಜಾರಾಗಬಾರದು ಅಂತ ಮೇಸ್ತ್ರಿಯ ಹೆಸರು ಹೇಳಿದೆ. ಗಾಜಿನ ಸ್ಕೂಲಿನ ಫೀಸು ಆಕಾಶದಿಂದ ಬೀಳುತ್ತದೆಯೇ? ನಾನು ಬಂದು ಕೂತು ಮಾಡುವುದಾದರೂ ಏನು? ಅವಳಿಗೆ ಪಾಠ ಹೇಳಲು ಬರುತ್ತದೆಯೇ ನನಗೆ? ಅವಳಿಗೆ ನಾನು ಕೊಡಬಹುದಾದದ್ದು ಅದೊಂದೇ, ಸ್ಕೂಲು.

ನೀನು ಅವಳಿಗೆ ಹೇಳಿದ್ದು ಸರಿಯಾಗಿದೆ. ಹಾಗೇ ಹೇಳುತ್ತಿರು. ಅಪ್ಪನ ಕಷ್ಟ ಗೊತ್ತಿದ್ದರೆ ಇನ್ನೂ ಚೆನ್ನಾಗಿ ಓದುತ್ತಾಳೆ.

ತಮ್ಮ

ನವೆಂಬರ್ ೧೨

ತಮ್ಮಾ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ.

ಚೂಟಿಯ ಅಂಕಗಳು ಬಿದ್ದುಹೋಗಿವೆ. ಸ್ವಲ್ಪವಲ್ಲ. ಕಳೆದ ತಿಂಗಳ ಪರೀಕ್ಷೆ ಕೆಟ್ಟಾಗ ಏನೋ ಒಂದು ಸಲ ಅಂತ ನಿನಗೆ ಬರೆಯಲಿಲ್ಲ. ಈ ಸಲ ಎಲ್ಲದರಲ್ಲೂ ಫೇಲು. ಮೇಡಂ ಉತ್ತರದ ಹಾಳೆಗಳನ್ನು ನನ್ನ ಮುಂದೆ ಹರಡಿದರು. ಮೇಲೆ ಅವಳ ಹೆಸರು, ತರಗತಿ, ಅಂಚಿಗೆ ನೇರವಾದ ಗೆರೆ. ಕೆಳಗೆ ಏನೂ ಇಲ್ಲ. "ಎರಡನೆಯವಳಾಗಿದ್ದ ಮಗು ಇದು. ಮನೇಲಿ ಏನಾದ್ರೂ ಆಯ್ತಾ?" ಎಂದು ಮೇಡಂ ಕೇಳಿದರು. ಏನಾಯಿತು? ಹೊಸದಾಗಿ ಏನೂ ಆಗಿಲ್ಲವಲ್ಲ. ಇಲ್ಲ ಅಂದೆ. ಆಮೇಲೆ ಆಫೀಸಿನವರು ಕರೆದರು. ವರ್ಷದ ಕೊನೆಯಲ್ಲೂ ಹೀಗೇ ಆದರೆ ಮುಂದಿನ ತರಗತಿಗೆ ಇಟ್ಟುಕೊಳ್ಳುವುದಿಲ್ಲವಂತೆ, ಅದು ಅಲ್ಲಿಯ ನಿಯಮ. ಅಷ್ಟರೊಳಗೆ ಸುಧಾರಿಸಬೇಕಾದರೆ ಸಂಜೆಯ ಕೋಚಿಂಗಿಗೆ ಸೇರಿಸಿ ಅಂದರು. ಅದರ ಫೀಸು ಬೇರೆ.

ಅವಳು ಅಳುವುದಿಲ್ಲ, ಹಟ ಮಾಡುವುದಿಲ್ಲ. "ಯಾಕೆ ಪುಟ್ಟಾ ಬರೀಲಿಲ್ಲ?" ಅಂದರೆ, "ಬರ್ಲಿಲ್ಲ ಅತ್ತೆ" ಅನ್ನುತ್ತಾಳೆ. ಮೇಜಿನ ಕೆಳಗೆ ಕೂತರೂ ಈಗ ಬಾಯಿ ಬಿಟ್ಟು ಓದುವುದಿಲ್ಲ. ಅಮ್ಮನ ಕೊರಗು ಈಗ ಹೊರಗೆ ಬರುತ್ತಿದೆಯೇನೋ ಅಂತ ನನಗೆ ಅನುಮಾನ. ನೀನು ಒಂದು ಸಲ ಬಂದು ಹೋದರೆ ಸರಿಹೋಗಬಹುದೇನೋ.

ಅಕ್ಕ

ನವೆಂಬರ್ ೩೦

ಅಕ್ಕ,

ಇಷ್ಟು ದಿನ ಮುಚ್ಚಿಟ್ಟೆಯಾ? ನಾನು ಇಲ್ಲಿ ತುಕ್ಕು ನುಂಗುತ್ತಾ ಬಿದ್ದಿರುವುದು ಯಾರಿಗಾಗಿ?

ಕೋಪ ಮಾಡಿಕೊಳ್ಳಬೇಡ, ಇದ್ದದ್ದನ್ನು ಹೇಳುತ್ತೇನೆ. ಇಸ್ತ್ರಿ ಮೇಜಿನ ಕೆಳಗೆ ಕೂತು ಓದುವುದು ಓದೇ ಅಲ್ಲ. ಮೇಲಿನಿಂದ ಹಬೆ, ಎದುರಿಗೆ ಬೀದಿ, ಬಂದುಹೋಗುವವರ ಹರಟೆ. ಅಂಥ ಸ್ಕೂಲಿಗೆ ಕಳಿಸಿ ಇಂಥ ಮನೆಯಲ್ಲಿಟ್ಟರೆ ಮಗು ಎಲ್ಲಿ ಉದ್ಧಾರವಾಗುತ್ತದೆ? ಒಳಕೋಣೆಯಲ್ಲಿ ಒಂದು ಮೇಜು, ಕುರ್ಚಿ, ಒಳ್ಳೆಯ ದೀಪ ಹಾಕಿಸು. ಬಾಗಿಲು ಹಾಕಿಕೊಂಡು ಓದಲಿ. ಕೋಚಿಂಗಿಗೆ ನಾಳೆಯೇ ಸೇರಿಸು. ದುಡ್ಡು ಕಳಿಸಿದ್ದೇನೆ.

ನಾನು ಟ್ಯಾಂಕಿನೊಳಗಿನ ಕೆಲಸ ಕೇಳಿ ತೆಗೆದುಕೊಂಡಿದ್ದೇನೆ. ಹಡಗಿನ ಎಣ್ಣೆ ಟ್ಯಾಂಕಿನೊಳಕ್ಕೆ ಇಳಿದು ತೊಳೆಯುವುದು. ಸಂಬಳ ಜಾಸ್ತಿ. ಒಳಗೆ ಕತ್ತಲೆ, ತಲೆಗೊಂದು ದೀಪ ಕಟ್ಟಿಕೊಳ್ಳಬೇಕು, ಸದ್ದೆಲ್ಲ ಗುಂಯ್ ಅನ್ನುತ್ತದೆ. ಬೇರೆಯವರಿಗೆ ಬೇಡವಾದ ಕೆಲಸ. ನನಗೆ ಅಡ್ಡಿಯಿಲ್ಲ. ಅಲ್ಲಿದ್ದಾಗ ಬೇರೆ ಯೋಚನೆ ಬರುವುದಿಲ್ಲ.

ಬರುವ ಮಾತು ಈಗ ಬೇಡ.

ತಮ್ಮ

ಜನವರಿ ೧೪

ತಮ್ಮಾ,

ನೀನು ಹೇಳಿದ್ದೆಲ್ಲ ಮಾಡಿದೆ. ಮೇಜು, ಕುರ್ಚಿ, ದೀಪ. ನಿನ್ನ ಮಾತು ನನ್ನನ್ನು ಚುಚ್ಚಿತು. ಆದರೆ ನೀನು ದೂರದಲ್ಲಿರುವವನು, ಸರಿಯಾಗಿಯೇ ಕಾಣುತ್ತಿರಬಹುದು ಅಂದುಕೊಂಡೆ. ಚೂಟಿ ಕೋಚಿಂಗಿನಿಂದ ಬಂದು ಒಳಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕರೆದರೆ ಊಟಕ್ಕೆ ಬರುತ್ತಿದ್ದಳು. ಡಿಸೆಂಬರ್ ಪರೀಕ್ಷೆಯಲ್ಲೂ ಹಾಳೆಗಳು ಖಾಲಿ.

ಮೊನ್ನೆ ಕೋಚಿಂಗ್ ಸರ್‌ಗೆ ಜ್ವರ ಬಂದು ತರಗತಿ ಇರಲಿಲ್ಲ. ಸಹಿಗೆ ಅಂತ ಪ್ರಶ್ನೆಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟಳು. ಬಹಳ ದಿನದ ಮೇಲೆ, ಯಾಕೋ, ಮೇಜಿನ ಕೆಳಗೆ ಹೋಗಿ ಕೂತಳು. ನಾನು ಒಂದು ಕೈಯಲ್ಲಿ ಇಸ್ತ್ರಿ ಮಾಡುತ್ತಾ, ಇನ್ನೊಂದರಲ್ಲಿ ಆ ಹಾಳೆ ಹಿಡಿದು ಪಾಠದ ಪದಗಳಲ್ಲಿ ತಡವರಿಸುತ್ತಾ ಓದಿದೆ. "ಎಲೆ ಯಾಕೆ ಹಸಿರು?" ಕೆಳಗಿನಿಂದ ಉತ್ತರ ಬಂತು. ಇನ್ನೊಂದು ಕೇಳಿದೆ. ಅದೂ ಬಂತು. ನಾನು ತಪ್ಪಾಗಿ ಓದಿದ ಪ್ರಶ್ನೆಯನ್ನೂ ತಿದ್ದಿ ಉತ್ತರ ಹೇಳಿದಳು. ಹಾಳೆ ಮುಗಿಯುವವರೆಗೂ ಹೇಳಿದಳು ಕಣೋ. ಆಮೇಲೆ ಏನು ಮಾಡಿದೆ ಅಂತ ಅವಳಿಗೇ ಗೊತ್ತಾಗಿ ಕಾಲು ಒಳಕ್ಕೆ ಎಳೆದುಕೊಂಡಳು.

ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಕೆಳಗೆ ಅವಳ ಪಕ್ಕ ಹೋಗಿ ಕೂತೆ. "ಎಲ್ಲಾ ಬರುತ್ತಲ್ಲೇ. ಮತ್ಯಾಕೆ ಬರೀಲಿಲ್ಲ?"

"ಫೇಲಾದ್ರೆ ಆ ಸ್ಕೂಲಿಂದ ತೆಗೀತಾರೆ."

"ತೆಗೆದ್ರೆ?"

"ತೆಗೆದ್ರೆ ಫೀಸಿಲ್ಲ. ಫೀಸಿಲ್ಲ ಅಂದ್ರೆ ಅಪ್ಪ ರಜ ಮಾರೋದು ಬೇಡ." ನನಗೆ ಪಾಠ ಹೇಳಿಕೊಡುವಾಗಿನ ದನಿಯಲ್ಲೇ ಹೇಳಿದಳು.

"ಮೈಕ್ರೋಸ್ಕೋಪು? ಅದು ನಿಂಗಿಷ್ಟ ಅಲ್ವೇನೇ?"

"ಅದು ಹೋದ್ರೆ ಹೋಗ್ಲಿ ಬಿಡು ಅತ್ತೆ."

ನೀರು ಚಿಮುಕಿಸಿದ್ದ ಅಂಗಿ ಮೇಜಿನ ಮೇಲೆ ಹಾಗೇ ಆರಿ ಸುಕ್ಕಾಯಿತು. ಎದ್ದು ಬರಲು ಮನಸ್ಸಾಗಲಿಲ್ಲ. ಫೀಸಿಗಾಗಿ ಎಂದು ಅವಳ ತಲೆಗೆ ತುಂಬಿದವಳು ನಾನೇ. ಮೇಡಂಗೆ ಇದನ್ನು ಹೇಳಿಲ್ಲ. ಹೇಳಿದರೆ ಮಗುವನ್ನು ಬೈದಾರು.

ನೀನು ಬಾ. ಫೀಸು ಕಡಿಮೆ ಬಿದ್ದರೆ ನಾನು ಇನ್ನೆರಡು ಗಂಟು ಹೆಚ್ಚು ಮಾಡುತ್ತೇನೆ. ರಜೆ ಮಾರಬೇಡ.

ಅಕ್ಕ

ಫೆಬ್ರವರಿ ೩

ಅಕ್ಕ,

ಇದನ್ನು ಚೂಟಿಗೆ ಓದಬೇಡ. ಕೊನೆಯಲ್ಲಿ ಬರೆದಿರುವುದನ್ನು ಮಾತ್ರ ಓದು.

ಫೀಸಿಗಾಗಿ ರಜೆ ಮಾರುವ ಅಗತ್ಯ ಇರಲಿಲ್ಲ. ಸಂಬಳದಲ್ಲೇ ಆಗುತ್ತಿತ್ತು. ರಜೆಯ ದುಡ್ಡು ಹಾಗೇ ಇದೆ, ಮುಟ್ಟಿಲ್ಲ. ಸ್ಕೂಲಿಗೆ ಅಂದುಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ ಅಕ್ಕ. ಮಗಳ ಓದಿಗೆ ಅಂದರೆ ಎಲ್ಲರೂ ಬೆನ್ನು ತಟ್ಟುತ್ತಾರೆ. ಅವಳ ಅಮ್ಮ ಆ ಸ್ಕೂಲಿನ ಹೆಸರು ಎತ್ತಿದ್ದು ಒಂದೇ ಸಲ. ಬಸ್ಸಿನಿಂದ ನೋಡಿ, "ಎಷ್ಟು ಗಾಜು! ಇದನ್ನೆಲ್ಲ ಒರೆಸೋರು ಯಾರಪ್ಪಾ?" ಅಂದಿದ್ದಳು. ಅಷ್ಟೇ.

ಅವಳ ಅಂತ್ಯಕ್ರಿಯೆ ಎಲ್ಲಾ ಮುಗಿದ ಮೇಲೆ ನಾನು ಬಂದೆನಲ್ಲ, ಆಗ ಬಾಗಿಲಲ್ಲಿ ಅವಳ ಚಪ್ಪಲಿ ಇತ್ತು. ಒಳಗಿದ್ದಾಳೆ ಅನ್ನುವ ಹಾಗೆ. ಅವಳು ತುಂಬಿಸಿಟ್ಟಿದ್ದ ನೀರಿನಲ್ಲೇ ಮುಖ ತೊಳೆದೆ. ಚೂಟಿ ನನ್ನ ಮುಂದೆ ನಿಂತಳು. ಹುಬ್ಬು, ಗಲ್ಲ, ನಿಲ್ಲುವ ರೀತಿ, ಎಲ್ಲಾ ಅವಳ ಅಮ್ಮನದೇ. ಮಗುವಿನ ಮುಖ ನೋಡಲು ನನಗೆ ಆಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟುಬಿಟ್ಟೆ. ರಜೆ ಬಂತು ಅಂತ ಮೇಸ್ತ್ರಿ ಹೇಳಿದಾಗಲೆಲ್ಲ ಆ ಬಾಗಿಲು ಕಣ್ಣಿಗೆ ಬರುತ್ತದೆ. ಸಹಿ ಹಾಕಿ ಕೊಟ್ಟ ಮೇಲೆ ಉಸಿರಾಡುತ್ತೇನೆ.

ಇಲ್ಲಿಂದ ಮುಂದಿನದನ್ನು ಅವಳಿಗೆ ಓದು.

ಚೂಟಿ, ವರ್ಷದ ಕೊನೆಯ ಪರೀಕ್ಷೆಯನ್ನು ನಿನಗೆ ಗೊತ್ತಿರುವ ಹಾಗೆ ಬರಿ. ಪಾಸಾದರೆ ಮೇ ತಿಂಗಳಲ್ಲಿ ಅಪ್ಪ ಬರುತ್ತಾನೆ. ಈ ಸಲ ರಜೆ ಮಾರುವುದಿಲ್ಲ.

ಏಪ್ರಿಲ್ ೨೨

ಪ್ರೀತಿಯ ತಮ್ಮನಿಗೆ,

ಮೂರನೆಯ ಸ್ಥಾನ! ಮೇಡಂ ಹಾಳೆಗಳನ್ನು ತೋರಿಸಿ, "ನಡುವೆ ಏನಾಗಿತ್ತೋ ಈ ಹುಡುಗಿಗೆ!" ಅಂದರು. ಕೋಚಿಂಗಿನಿಂದಲೇ ಸುಧಾರಿಸಿದಳು ಅಂತ ಆಫೀಸಿನವರು ಗೋಡೆಯ ಮೇಲೆ ಅವಳ ಹೆಸರು ಬರೆದಿದ್ದಾರೆ. ಬರೆಯಲಿ ಬಿಡು.

ಹೆಸರು ನೋಡಿ ಮನೆಯವರೆಗೂ ಓಡುತ್ತಲೇ ಬಂದಳು. "ಅತ್ತೆ, ಈಗ ಬರ್ತಾರಲ್ಲ? ಬರ್ಲೇಬೇಕಲ್ಲ?" ಹೂಂ ಅಂದೆ. ಈಗ ಅವಳ ಬಾಯಿಗೆ ಬಿಡುವಿಲ್ಲ. ಅಪ್ಪನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಬೇಕಂತೆ, ಮೇಡಂನ ಕೇಳಿಯೂ ಬಂದಿದ್ದಾಳೆ. "ಅಪ್ಪನಿಗೆ ಒಂದು ಕಣ್ಣು ಮುಚ್ಚಿ ನೋಡೋಕೆ ಬರುತ್ತಾ ಅತ್ತೆ?" ಎಂದು ಕೇಳಿದಳು. "ಟ್ಯಾಂಕಿನ ತೂತಲ್ಲಿ ಇಣುಕೋನು, ಬರ್ದೇ ಇರುತ್ತಾ" ಅಂದೆ.

ನಿನ್ನ ಕಾಗದದ ಮೊದಲ ಭಾಗಕ್ಕೆ ನಾನು ಏನೂ ಬರೆಯುವುದಿಲ್ಲ. ಬಾಗಿಲಲ್ಲಿದ್ದ ಚಪ್ಪಲಿಯನ್ನು ನೀನು ಹೊರಟ ದಿನವೇ ತೆಗೆದಿಟ್ಟಿದ್ದೇನೆ. ಒಳಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದ್ದೇನೆ. ಅಲ್ಲಿ ಬೇಡ ಅನ್ನಿಸಿದರೆ ನೀನು ಮುಂದಿನ ಕೋಣೆಯಲ್ಲೇ ಮಲಗಬಹುದು. ಹೆಚ್ಚು ದಿನ ಇರು ಅನ್ನುವುದಿಲ್ಲ. ಒಂದು ದಿನವಾದರೂ ಸಾಕು. ಮುಖ ನೋಡಲು ಆಗದಿದ್ದರೆ ಅವಳ ಪಕ್ಕದಲ್ಲಿ ಕೂತುಕೋ, ಎದುರಿಗೆ ಬೇಡ.

ನಿನ್ನ ಅಕ್ಕ

ಜೂನ್ ೨

ಅಕ್ಕ,

ರಜೆ ಮಾರಲಿಲ್ಲ. ಇದನ್ನು ನೀನು ನಂಬಬೇಕು. ಬೇಕಾದರೆ ಕೊಕ್ಕರೆಯನ್ನು ಕೇಳು, ರೈಲು ಹತ್ತಿಸಿದವನೇ ಅವನು.

ಜಂಕ್ಷನ್ನಿನವರೆಗೆ ಬಂದೆ. ಅಲ್ಲಿಂದ ನಮ್ಮೂರಿಗೆ ಬಸ್ಸು ಹಿಡಿಯಬೇಕಲ್ಲ. ಬಸ್ಸು ನಿಂತಿತ್ತು. ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ. ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನವರು ತಳ್ಳಿದರು. "ಹತ್ತೋದಾದ್ರೆ ಹತ್ತು ಮಾರಾಯ, ಇಲ್ಲಾ ದಾರಿ ಬಿಡು" ಅಂದ ಕಂಡಕ್ಟರ್. ದಾರಿ ಬಿಟ್ಟೆ. ಮುಂದಿನ ಬಸ್ಸಿಗೆ ಹೋಗೋಣ ಅಂತ ಬೆಂಚಿನ ಮೇಲೆ ಕೂತೆ. ಅದೂ ಬಂತು, ಹೋಯಿತು. ಕೊನೆಯ ಬಸ್ಸೂ ಹೋಯಿತು. ಚೂಟಿಗೆ ತಂದಿದ್ದ ಫ್ರಾಕು ಬೆಂಚಿನ ಮೇಲೇ ಉಳಿಯಿತು. ವಾಪಸ್ಸು ಬರುವ ರೈಲಿನಲ್ಲಿ ಕೂತ ಮೇಲೆ ನೆನಪಾಯಿತು.

ಅವಳಿಗೆ ಇದು ತಿಳಿಯುವುದು ಬೇಡ. ಮೇಸ್ತ್ರಿ ಕಳಿಸಲಿಲ್ಲ ಅಂತ ಹೇಳು.

ಹೊಸ ವರ್ಷದ ಫೀಸನ್ನು ಪೂರ್ತಿ ಕಳಿಸುತ್ತಿದ್ದೇನೆ. ಕೋಚಿಂಗಿಗೂ ಸೇರಿಸಿ.

ತಮ್ಮ

ಆಗಸ್ಟ್ ೨೫

ತಮ್ಮಾ,

ತಡವಾಗಿ ಬರೆಯುತ್ತಿದ್ದೇನೆ.

ಮೇಸ್ತ್ರಿ ಕಳಿಸಲಿಲ್ಲ ಅಂತಲೇ ಹೇಳಿದೆ. "ಮಾರಿದ್ರಾ?" ಅಂದಳು. "ಇಲ್ಲ, ಕೊಡ್ಲಿಲ್ಲ" ಅಂದೆ. "ಹೌದಾ" ಅಂದಳು. ನಾನು ಒಂದೊಂದು ಸಲ ಒಂದೊಂದು ಮಾತು ಹೇಳುತ್ತೇನೆ ಅಂತ ಅವಳಿಗೆ ಗೊತ್ತಾಗಿದೆ. ನನ್ನ ಮುಖ ನೋಡದೆ ತಟ್ಟೆ ತೊಳೆದಿಟ್ಟು ಹೋದಳು.

ಸ್ಕೂಲಿನ ತಪ್ಪೇನೂ ಇಲ್ಲ. ಈ ವರ್ಷ ಹೊಸ ವಾಚನಾಲಯ ಕಟ್ಟಿದ್ದಾರೆ, ಕಿಟಕಿಯ ಹತ್ತಿರ ಕೂತು ಓದಲು ಮೆತ್ತನೆಯ ಕುರ್ಚಿಗಳಿವೆ. ಅದೇ ಮೇಡಂ ಈ ವರ್ಷವೂ ಇದ್ದಾರೆ. ಮನೆಗೇ ಬಂದರು ಒಂದು ದಿನ, ಇಸ್ತ್ರಿ ಮೇಜಿನ ಪಕ್ಕ ನಿಂತೇ ಮಾತಾಡಿದರು. "ಗಲಾಟೆ ಇಲ್ಲ, ತುಂಟತನ ಇಲ್ಲ. ಹೇಳಿದ್ದು ಕೇಳ್ತಾಳೆ. ಆದ್ರೆ ಒಳಗೆ ಇಳಿಯೋದೇ ಇಲ್ಲ ಅಮ್ಮಾ" ಅಂದರು. ನಾನು ಎಲ್ಲವನ್ನೂ ಹೇಳಿದೆ. ಕಳೆದ ವರ್ಷದ್ದೂ, ಈ ವರ್ಷದ್ದೂ. ಇಷ್ಟು ದಿನ ಹೇಳಬಾರದಾಗಿತ್ತಾ ಅಂತ ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮೊದಲ ಪರೀಕ್ಷೆ ಮುಗಿಯಿತು. ಫೇಲಾಗಿದ್ದಾಳೆ. ಕಳೆದ ವರ್ಷದ ಹಾಗೆಯೇ ಇರಬೇಕು, ಮತ್ತೆ ನಿನಗಾಗಿಯೇ ಮಾಡಿರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಸಮಾಧಾನವೇ ಆಯಿತು. ಪ್ರಶ್ನೆಪತ್ರಿಕೆ ಹಿಡಿದು ಮೇಜಿನ ಹತ್ತಿರ ಕರೆದೆ. ಇಸ್ತ್ರಿ ಮಾಡುತ್ತಾ ಮೊದಲನೆಯದನ್ನು ಕೇಳಿದೆ. ಉತ್ತರವಿಲ್ಲ. ಎರಡನೆಯದು ಕೇಳಿದೆ. ಏನೋ ಹೇಳಿದಳು, ನನಗೇ ಗೊತ್ತಾಯಿತು ಅದು ತಪ್ಪು ಅಂತ.

"ಬೇಕಂತ ಮಾಡ್ತಿದೀಯಾ ಪುಟ್ಟಾ? ಹೇಳು, ನಾನು ಬೈಯಲ್ಲ."

"ಇಲ್ಲ ಅತ್ತೆ. ನಿಜವಾಗ್ಲೂ ಗೊತ್ತಿಲ್ಲ."

ಹಾಳೆಗಳನ್ನು ತೆಗೆದು ನೋಡಿದೆ. ಈ ಸಲ ಒಂದೂ ಖಾಲಿ ಬಿಟ್ಟಿಲ್ಲ. ಮೇಲಿನಿಂದ ಕೆಳಗಿನವರೆಗೆ ತುಂಬಾ ಬರೆದಿದ್ದಾಳೆ, ನಮ್ಮ ಕೈಲಾದದ್ದು ಮಾಡೋಣ ಅನ್ನುವವರ ಹಾಗೆ. ಎಲ್ಲಾ ತಪ್ಪು.

ಬಟ್ಟೆ ಕೊಡಲು ಬಂದವರೊಬ್ಬರು, "ಏನು ಚೂಟಿ, ನಿಮ್ಮಪ್ಪ ಯಾವಾಗ ಬರೋದು?" ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿ, "ಆ ಬಿಳಿ ಅಂಗಿ ಇವರದೇನಾ ಅತ್ತೆ?" ಅಂದಳು.

ನೀನು ಕಳಿಸಿದ ಫೀಸು ತಲುಪಿದೆ.

ಅಕ್ಕ